ರಂಗನತಿಟ್ಟು: ದೋಣಿ ಚೆನ್ನ, ಹೊತ್ತು ಸಾಲದು

ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿರುವ ಪಕ್ಷಿಧಾಮ ರಂಗನತಿಟ್ಟಿಗೆ ಹೊರಡುವ ಮುನ್ನ ನೋಡಬೇಕಾದ್ದು ಮಳೆಯ ಮುನ್ಸೂಚನೆಯಲ್ಲ, ಕೆಆರ್‌ಎಸ್‌ನ ಹೊರಹರಿವು. ಕಟ್ಟೆಯ ನೀರು ಪೂರ್ಣ ಮಟ್ಟವಾದ 124.80 ಅಡಿಗೆ ಹತ್ತಿರವಾಗಿ ಗೇಟುಗಳನ್ನು ಎತ್ತಿದರೆ ನಡುಗಡ್ಡೆಗಳ ಸುತ್ತ ಕೆಂಪು ನೀರು ನುಗ್ಗುತ್ತದೆ, ದೋಣಿವಿಹಾರ ನಿಲ್ಲುತ್ತದೆ. ಜುಲೈ, ಆಗಸ್ಟ್‌ನಲ್ಲಿ ಹೋಗುವವರು ಅಂದು ಎಷ್ಟು ಕ್ಯೂಸೆಕ್ (ಸೆಕೆಂಡಿಗೆ ಘನ ಅಡಿ) ನೀರು ಬಿಟ್ಟಿದ್ದಾರೆಂಬ ಲೆಕ್ಕವನ್ನು ಬೆಳಗಿನ ಪತ್ರಿಕೆಯಲ್ಲಿ ನೋಡಿಕೊಂಡೇ ಹೊರಡಬೇಕು. ದಡದ ಕಾಲುದಾರಿಯಿಂದಲೂ ಹಕ್ಕಿ ಕಾಣುತ್ತವೆ, ನಿಜ. ಆದರೆ ದೋಣಿಯಿಲ್ಲದ ರಂಗನತಿಟ್ಟು ಅರ್ಧ ರಂಗನತಿಟ್ಟು.

ಈ ತಾಣ ಹುಟ್ಟಿದ್ದೂ ಒಂದು ಒಡ್ಡಿನಿಂದಲೇ. ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645–48ರ ನಡುವೆ, ಕಾವೇರಿಗೆ ಅಡ್ಡಲಾಗಿ ಕಟ್ಟಿದ ಒಡ್ಡು ಇಲ್ಲಿ ನಡುಗಡ್ಡೆಗಳನ್ನು ಮಾಡಿತು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಯದಿಂದ 1940ರಲ್ಲಿ ಪಕ್ಷಿಧಾಮವಾಯಿತು. 2022ರಲ್ಲಿ ಜಾಗತಿಕ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿ ಸೇರಿತು. ಕರ್ನಾಟಕಕ್ಕೆ ಅದೇ ಮೊದಲನೆಯದು. ನೀರು, ಬಂಡೆ, ಹೊಳೆಮತ್ತಿ, ಬಿದಿರು, ಮುಂಡಿಗೆ ಇಷ್ಟು ಹತ್ತಿರ ಹತ್ತಿರ ಸಿಕ್ಕಿದ್ದರಿಂದಲೇ ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚಕೊಕ್ಕು, ಹೆಜ್ಜಾರ್ಲೆ, ನೀರುಕಾಗೆಗಳೆಲ್ಲ ಒಂದೇ ಕಡೆ ಗೂಡು ಹೂಡಿವೆ.

ಇನ್ನು ಸೇವೆಯ ಮಾತು. ಜನ ನಡುಗಡ್ಡೆಗೆ ಕಾಲಿಡುವಂತಿಲ್ಲ, ಹುಟ್ಟು ಹಾಕುವ ದೋಣಿಯಲ್ಲೇ ಸುತ್ತಬೇಕು. ಇಲ್ಲಿನ ಅತಿ ಒಳ್ಳೆಯ ನಿರ್ಧಾರ ಇದೇ. ಮೋಟಾರಿನ ಸದ್ದಿಗೆ ತಾಯಿಹಕ್ಕಿ ಎದ್ದು ಹಾರಿದರೆ ಬಿಸಿಲಿಗೆ ಮರಿ ಬಾಡುತ್ತದೆ, ಕಾಗೆಗೆ ಮೊಟ್ಟೆ ಸಿಗುತ್ತದೆ. ಹುಟ್ಟಿನ ದೋಣಿ ಜಾರಿಕೊಂಡು ಬಂದರೆ ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆ ಕೂಡ ಏಳುವುದಿಲ್ಲ. (ಆದ್ದರಿಂದಲೇ ಕೈಯನ್ನು ನೀರಿಗೆ ಇಳಿಬಿಡಬಾರದು.) ಅಂಬಿಗರಿಗೆ ಹಕ್ಕಿಗಳ ಹೆಸರು, ಗೂಡುಗಳ ಜಾಗ ಬಾಯಿಪಾಠ, ಕೇಳಿದರೆ ಹೇಳುತ್ತಾರೆ, ಕೇಳದಿದ್ದರೆ ಮೊಸಳೆ ತೋರಿಸಿ ಮುಗಿಸುತ್ತಾರೆ.

ಕೊರತೆ ಎಂದರೆ ಹೊತ್ತು. ಎಲ್ಲರ ಜೊತೆ ಕೂರುವ ಸಾಮಾನ್ಯ ದೋಣಿಯ ಸುತ್ತು ಮಕ್ಕಳಿರುವ ಸಂಸಾರಕ್ಕೆ ಸಾಕು. ಗೂಡಿನಲ್ಲಿ ಏನು ನಡೆಯುತ್ತದೆಂದು ನೋಡಬೇಕೆನ್ನುವವರಿಗೆ ಏನೇನೂ ಸಾಲದು. ಅಂಥವರು ಬೇರೆ ದರದ ವಿಶೇಷ ದೋಣಿಯನ್ನೇ ಕೇಳಲಿ. ಭಾನುವಾರ ಬೇಡ, ವಾರದ ನಡುವಿನ ದಿನ, ಬೆಳಗಿನ ಮೊದಲ ದೋಣಿ.

ದೋಣಿಯಲ್ಲಿ ಟ್ರೈಪಾಡ್ ಕೆಲಸಕ್ಕೆ ಬಾರದು. 300–400 ಮಿ.ಮೀ. ಲೆನ್ಸ್ ಕೈಯಲ್ಲೇ ಹಿಡಿದು ಷಟರ್ ವೇಗ ಸೆಕೆಂಡಿನ 1/1000ಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳಬೇಕು. ಕಡುಹಸಿರಿನ ಮುಂದೆ ನಿಂತ ಬಿಳಿ ಹಕ್ಕಿಯ ಗರಿ ಚಿತ್ರದಲ್ಲಿ ಸುಣ್ಣ ಬಳಿದಂತಾಗುತ್ತದೆ, ಎಕ್ಸ್‌ಪೋಷರ್ (ಕ್ಯಾಮೆರಾ ಒಳಬಿಡುವ ಬೆಳಕು) 2/3 ಸ್ಟಾಪ್ ಇಳಿಸಿದರೆ ಗರಿಯ ಎಳೆ ಉಳಿಯುತ್ತದೆ. ದುರ್ಬೀನು 8x42, ಅಂದರೆ ಎಂಟು ಪಟ್ಟು ಹಿಗ್ಗಿಸುವಂಥದ್ದು, ಇರಲಿ. 10x ಓಲಾಡುವ ದೋಣಿಯಲ್ಲಿ ತಲೆ ತಿರುಗಿಸುತ್ತದೆ.

ನಿರ್ವಹಣೆಯ ನಿಜವಾದ ಪರೀಕ್ಷೆ ಪ್ರವಾಸಿಗರ ಕಣ್ಣಿಗೆ ಬೀಳುವುದಿಲ್ಲ. ಪ್ರವಾಹ ಪ್ರತಿ ಸಲ ನಡುಗಡ್ಡೆಯ ಅಂಚನ್ನು ಕೊರೆಯುತ್ತದೆ, ಬೇರು ಬಯಲಾದ ಮರ ಗೂಡುಗಳ ಸಮೇತ ಉರುಳುತ್ತದೆ. ಅದಕ್ಕೇ ಅಂಚಿಗೆ ಮರಳಿನ ಚೀಲ ಪೇರಿಸಿ, ಮಣ್ಣು ತುಂಬಿ, ಗಿಡ ನೆಡಬೇಕಾಗುತ್ತದೆ. ವರ್ಷಗಟ್ಟಲೆ ಹಿಕ್ಕೆ ಬಿದ್ದ ಮರವೂ ಒಣಗುತ್ತದೆ, ಹಾಗಾಗಿ ಹೊಸ ಗಿಡ ಬೆಳೆಸುವ ಕೆಲಸ ನಿಲ್ಲುವಂತಿಲ್ಲ. ಎಲ್ಲಕ್ಕಿಂತ ಕಷ್ಟದ್ದು ಬೇಸಿಗೆ. ನೀರು ಇಳಿದ ಬಂಡೆಗಳ ಮೇಲೆ ರೀವ (ಟರ್ನ್) ಹಕ್ಕಿಗಳು ಗೂಡೇ ಕಟ್ಟದೆ ಬರಿನೆಲಕ್ಕೆ ಮೊಟ್ಟೆಯಿಡುತ್ತವೆ. ಆಗ ನದಿಗೆ ದಿಢೀರನೆ ನೀರು ಬಿಟ್ಟರೆ ಮೊಟ್ಟೆ ಕೊಚ್ಚಿಹೋಗುತ್ತದೆ, ತೀರಾ ಕಡಿಮೆ ಬಿಟ್ಟರೆ ನಾಯಿಗಳಿಗೆ ದಾಟಲು ದಾರಿಯಾಗುತ್ತದೆ. ಗೇಟಿನ ಕೀಲಿ ಪಕ್ಷಿಧಾಮದ ಕೈಯಲ್ಲಿಲ್ಲ ಎಂಬುದೇ ಇಲ್ಲಿನ ಮುಖ್ಯ ತೊಡಕು. ಎಷ್ಟು ಚೀಲ ಪೇರಿಸಿದರೂ ಅದು ನೀಗುವುದಿಲ್ಲ.

ಗೂಡು, ಮರಿಗಳಿಗಾಗಿಯೇ ಬರುವವರಿಗೆ ಜನವರಿಯಿಂದ ಏಪ್ರಿಲ್ ಒಳ್ಳೆಯ ಕಾಲ. ಬಿಸಿಲೇರಿದ ಮೇಲೆ ಹೋದರೂ ಒಂದು ಲಾಭವಿದೆ: ಕೊಕ್ಕರೆಗಳು ರೆಕ್ಕೆ ಬಿಡಿಸಿ ಮರಿಗಳಿಗೆ ನೆರಳು ಹಿಡಿದು ನಿಂತಿರುತ್ತವೆ. ದೋಣಿಗೆ ಕಾಯುವ ಪುರುಸೊತ್ತಿಲ್ಲದವರು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹೋಗಬಹುದು. ಅಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಎರಡೂ ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಹುಣಸೆಮರದ ಕೆಳಗೆ ನಿಲ್ಲುವುದಾದರೆ ತಲೆಗೊಂದು ಟೋಪಿ ಇರಲಿ.