ಪ್ಯಾನಲ್ ಸಾ, ಜೊತೆಗೆ ಡಸ್ಟ್ ಕಲೆಕ್ಟರ್: ಮೂರು ವರ್ಷ ಬಳಸಿದ ಮೇಲಿನ ವಿಮರ್ಶೆ

ಪ್ಯಾನಲ್ ಸಾ ಅಂದರೆ ದೊಡ್ಡ ಬೋರ್ಡ್ ಶೀಟು ಕೊಯ್ಯುವ ಗರಗಸದ ಮೆಷಿನ್. ಅದರ ಬಗ್ಗೆ ವಿಚಾರಿಸುವವರು ಮೊದಲು ಕೇಳುವುದು ಮೋಟರ್ ಎಷ್ಟು ಎಚ್‌ಪಿ ಅಂತ. ಡೀಲರ್ ಕೂಡ ಅಲ್ಲಿಂದಲೇ ಮಾತು ಶುರು ಮಾಡುತ್ತಾನೆ. ನಮ್ಮಲ್ಲಿ ಈ ಮೆಷಿನ್ ಓಡುತ್ತಾ ಮೂರು ವರ್ಷ ದಾಟಿತು. ಈಗ ನನ್ನನ್ನು ಕೇಳಿದರೆ, ಎಚ್‌ಪಿ ಆಮೇಲೆ ನೋಡಿ. ಮೊದಲು ಬ್ಲೇಡಿನ ಬೆನ್ನಿಗೆ ನಿಲ್ಲುವ ಆ ಸಣ್ಣ ಉಕ್ಕಿನ ತಗಡು ಸರಿ ಇದೆಯಾ ನೋಡಿ. ಹುಡಿ ಎಳೆಯುವ ಬಾಯಿ ಎಷ್ಟು ಅಗಲ ಇದೆ ನೋಡಿ. ಬೆರಳು ಮತ್ತು ಶ್ವಾಸಕೋಶ ಉಳಿಯುವುದು ಇವುಗಳಿಂದ. ಡೀಲರ್ ಮಾತ್ರ ಅವನ್ನು 'ಎಕ್ಸ್‌ಟ್ರಾ' ಅಂತ ಬಿಲ್ಲಿನ ಕೊನೆಯ ಸಾಲಿಗೆ ತಳ್ಳುತ್ತಾನೆ.

ನಮ್ಮದು ಕುಂಬಳೆ–ಬದಿಯಡ್ಕ ರಸ್ತೆ ಬದಿಯ ಸಣ್ಣ ವರ್ಕ್‌ಶಾಪ್. ಮೊದಲೆಲ್ಲ ಹಲಸು, ತೇಗದ ಕೆಲಸವೇ ಜಾಸ್ತಿ ಇತ್ತು. ಈಗ ಬಾಗಿಲು, ದಾರಂದ ಬಿಟ್ಟರೆ ಅಡುಗೆಮನೆ ಕಪಾಟಿನಿಂದ ವಾರ್ಡ್‌ರೋಬ್ ತನಕ ಎಲ್ಲವೂ ಬೋರ್ಡು. ಮರದ ನಾರು ಒತ್ತಿ ಮಾಡಿದ ಎಂಡಿಎಫ್, ಮೇಲೆ ಲ್ಯಾಮಿನೇಟ್ ಹಾಳೆ ಅಂಟಿಸಿಯೇ ಬರುವ ಪ್ರೀಲ್ಯಾಮ್ ಪಾರ್ಟಿಕಲ್ ಬೋರ್ಡ್, ಈಚೆಗೆ ತೇವ ತಡೆಯುವ ದಟ್ಟ ಬೋರ್ಡ್ ಎಚ್‌ಡಿಎಚ್‌ಎಂಆರ್. ಮೆಷಿನ್ 3.2 ಮೀಟರ್ ಸ್ಲೈಡಿಂಗ್ ಟೇಬಲಿನದ್ದು. 5.5 ಎಚ್‌ಪಿ ಮುಖ್ಯ ಮೋಟರ್, 1 ಎಚ್‌ಪಿ ಸ್ಕೋರಿಂಗ್ ಮೋಟರ್, ತ್ರೀ ಫೇಸ್. ಜೊತೆಗೆ ಹುಡಿ ಎಳೆದುಕೊಳ್ಳುವ, 3 ಎಚ್‌ಪಿಯ ಎರಡು ಚೀಲದ ಡಸ್ಟ್ ಕಲೆಕ್ಟರ್. ಸಾಗಾಟ ಎಲ್ಲ ಸೇರಿ ಮೂರು ಲಕ್ಷ ದಾಟಿತು. ಕಂಪನಿ ಹೆಸರು ಬರೆಯುವುದಿಲ್ಲ. ಒಂದೇ ಚೌಕಟ್ಟಿಗೆ ಬೇರೆ ಬೇರೆ ಸ್ಟಿಕ್ಕರ್ ಅಂಟಿಸಿ ಮಾರುವ ಮಾಲು ಇದು. ಹೆಸರು ಗೊತ್ತಾಗಿ ನಿಮಗೆ ಲಾಭವೂ ಇಲ್ಲ.

ಕೊಯ್ಯುವ ಕೆಲಸಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಒಂದೇ ಬ್ಲೇಡಿನಲ್ಲಿ ಪ್ರೀಲ್ಯಾಮ್ ಬೋರ್ಡ್ ಕೊಯ್ದರೆ ಮೇಲಿನ ಮುಖ ಚೆನ್ನಾಗಿ ಬರುತ್ತದೆ, ಕೆಳಗಿನ ಮುಖದ ಅಂಚು ಕಿತ್ತು ಹೋಗುತ್ತದೆ. ಬ್ಲೇಡಿನ ಹಲ್ಲು ಹೊರಗೆ ಬರುವುದು ಆ ಕಡೆಯಿಂದ ಅಲ್ವಾ. ಅದಕ್ಕೇ ಮುಖ್ಯ ಬ್ಲೇಡಿನ ಮುಂದೆ 120 ಮಿ.ಮೀ.ನ ಪುಟ್ಟ ಸ್ಕೋರಿಂಗ್ ಬ್ಲೇಡ್ ಇರುತ್ತದೆ. ಅದು ಉಲ್ಟಾ ತಿರುಗಿ, ಕೆಳಗಿನ ಮುಖದಲ್ಲಿ ಒಂದೆರಡು ಮಿ.ಮೀ. ಆಳಕ್ಕೆ ಗೀರು ಹಾಕಿಕೊಂಡು ಹೋಗುತ್ತದೆ. ಹಿಂದೆ ಬರುವ ದೊಡ್ಡ ಬ್ಲೇಡಿಗೆ ಕೀಳಲು ಏನೂ ಉಳಿಯುವುದಿಲ್ಲ. ಎರಡೂ ಒಂದೇ ಗೆರೆಯಲ್ಲಿರಬೇಕು. ಗೀರಿನ ಅಗಲ ದೊಡ್ಡ ಬ್ಲೇಡಿನ ಕೊಯ್ತಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ಇದ್ದರೆ ಸಾಕು. ಬ್ಲೇಡ್ ಬದಲಿಸಿದಾಗಲೆಲ್ಲ ಇದನ್ನು ಹೊಂದಿಸಬೇಕು, ಸ್ವಲ್ಪ ತಾಳ್ಮೆ ಬೇಕು. ನಾವು ಹಾಕುವುದು 300 ಮಿ.ಮೀ., 96 ಹಲ್ಲಿನ ಕಾರ್ಬೈಡ್ ಬ್ಲೇಡ್. ಒಂದು ಹಲ್ಲು ಚಪ್ಪಟೆ, ಪಕ್ಕದ್ದು ಎರಡೂ ಮೂಲೆ ತಗ್ಗಿಸಿದ್ದು, ಆ ಜಾತಿಯದು. ಬೋರ್ಡಿಗೆ ಅದೇ ಸರಿ.

ಜಾಗದ ಲೆಕ್ಕ ಹಾಕದೆ ಮುಂಗಡ ಕೊಡಬೇಡಿ. 3.2 ಮೀಟರ್ ಟೇಬಲ್ ಹಿಂದಕ್ಕೂ ಮುಂದಕ್ಕೂ ಓಡಬೇಕು. ಉದ್ದಕ್ಕೆ 22–23 ಅಡಿ ಖಾಲಿ ಇಲ್ಲದಿದ್ದರೆ ಗೋಡೆಗೆ ಗುದ್ದುತ್ತದೆ. 18 ಮಿ.ಮೀ.ನ 8×4 ಅಡಿ ಎಂಡಿಎಫ್ ಶೀಟು 40 ಕೆ.ಜಿ. ಹತ್ತಿರ ತೂಗುತ್ತದೆ, ಎಚ್‌ಡಿಎಚ್‌ಎಂಆರ್ ಇನ್ನೂ ಭಾರ. ಅದನ್ನು ಒಬ್ಬನೇ ಎತ್ತಿ ಟೇಬಲಿಗೆ ಹಾಕಲು ಹೋದರೆ ಬ್ಲೇಡಿಗಿಂತ ಮೊದಲು ಸೊಂಟ ಹೋಗುತ್ತದೆ. ಹೊರುವಾಗ ಗ್ಲೌಸ್ ಹಾಕಿ, ಲ್ಯಾಮಿನೇಟ್ ಅಂಚು ಕೈ ಸೀಳುತ್ತದೆ. ಸ್ವಿಚ್ ಒತ್ತುವ ಮೊದಲು ಅದೇ ಗ್ಲೌಸ್ ತೆಗೆದಿಡಿ. ತಿರುಗುವ ಬ್ಲೇಡಿಗೆ ಬಟ್ಟೆಯ ತುದಿ ಸಿಕ್ಕಿದರೆ ಕೈಯನ್ನೂ ಎಳೆದುಕೊಳ್ಳುತ್ತದೆ.

ಇನ್ನು ಆ ಉಕ್ಕಿನ ತಗಡಿನ ವಿಷಯ. ರೈವಿಂಗ್ ನೈಫ್ ಅನ್ನುತ್ತಾರೆ. ಕೊಯ್ದ ಸಂದಿ ಮುಚ್ಚಿಕೊಂಡು ಬ್ಲೇಡನ್ನು ಹಿಡಿಯದಂತೆ ತಡೆಯುವುದು ಇದರ ಕೆಲಸ. ಬ್ಲೇಡಿನ ಹಿಂಬದಿಯ ಹಲ್ಲುಗಳು ಮೇಲಕ್ಕೆ ಏಳುತ್ತವೆ. ಬೋರ್ಡಿನ ಅಂಚು ಒರಗಿಸಿ ತಳ್ಳುವ ಫೆನ್ಸ್ ಎಂಬ ಪಟ್ಟಿಗೂ ಬ್ಲೇಡಿಗೂ ನಡುವೆ ತುಂಡು ಸಿಕ್ಕಿಕೊಂಡರೆ ಆ ಹಲ್ಲುಗಳು ಅದನ್ನು ಎತ್ತಿ ಕೊಯ್ಯುವವನ ಹೊಟ್ಟೆಯ ಕಡೆಗೇ ಎಸೆಯುತ್ತವೆ. ಈ ತಗಡಿಗೆ ಒಂದು ಲೆಕ್ಕ ಉಂಟು. ಬ್ಲೇಡಿನ ತಟ್ಟೆಗಿಂತ ದಪ್ಪ ಇರಬೇಕು, ಹಲ್ಲು ಕೊಯ್ಯುವ ಅಗಲಕ್ಕಿಂತ ತೆಳು ಇರಬೇಕು. ನಮ್ಮ ಬ್ಲೇಡಿನ ಕೊಯ್ತ 3.2 ಮಿ.ಮೀ., ತಟ್ಟೆ 2.2. ಅಂದರೆ ತಗಡು 2.5ರಿಂದ 2.8ರ ಒಳಗೆ. ಮೆಷಿನ್ ಜೊತೆ ಬಂದದ್ದು 2 ಮಿ.ಮೀ.ನದ್ದು! ಇದ್ದೂ ಇಲ್ಲದ ಹಾಗೆ. ಡೀಲರಿಗೆ ಫೋನ್ ಮಾಡಿದರೆ, 'ಎಲ್ಲರೂ ಹಾಗೇ ಓಡಿಸ್ತಾರೆ, ಕೆಲವರು ತೆಗೆದೇ ಇಡ್ತಾರೆ' ಅಂದ. ಸರಿಯಾದ್ದು ಕೈಗೆ ಬರುವಷ್ಟರಲ್ಲಿ ತಿಂಗಳುಗಳೇ ಹೋದವು. ಅಲ್ಲಿವರೆಗೆ ಫೆನ್ಸ್ ಇಟ್ಟು ಸೀಳುವ ಕೆಲಸ ಮಾಡಲಿಲ್ಲ. ಎಲ್ಲವನ್ನೂ ಸ್ಲೈಡಿಂಗ್ ಟೇಬಲಿಗೆ ಕಟ್ಟಿಯೇ ಕೊಯ್ದೆವು. ಹಲ್ಲಿಗೂ ತಗಡಿಗೂ ನಡುವಿನ ಸಂದು ಟೇಬಲ್ ಮಟ್ಟದಲ್ಲಿ 8 ಮಿ.ಮೀ. ದಾಟಬಾರದು. ಬೇರೆ ಅಳತೆಯ ಬ್ಲೇಡ್ ಹಾಕಿದರೆ ತಗಡನ್ನೂ ಸರಿಸಬೇಕು. ಇದನ್ನು ಮರೆಯುವವರೇ ಜಾಸ್ತಿ.

ಮೆಷಿನ್ ಜೊತೆ ಕೊಟ್ಟ ತಳ್ಳುವ ಕೋಲು ಪ್ಲಾಸ್ಟಿಕ್ಕಿನದು, ಹಿಡಿಗೆ ಸಿಗುವುದಿಲ್ಲ. ನಮ್ಮ ಬಡಗಿ ಆಚಾರ್ರು ಪ್ಲೈವುಡ್ ತುಂಡಿನಲ್ಲಿ ತಾವೇ ಮಾಡಿಕೊಂಡರು, ಕಂಪನಿಯದಕ್ಕಿಂತ ಅದು ಎಷ್ಟೋ ಮೇಲು. ಕೊಯ್ತದ ಕೊನೆಯ 300 ಮಿ.ಮೀ.ನಲ್ಲಿ ಕೈ ಬರಬಾರದು, ಕೋಲೇ ಬರಬೇಕು. 300ಕ್ಕಿಂತ ಗಿಡ್ಡ ತುಂಡಾದರೆ ಶುರುವಿನಿಂದಲೇ ಕೋಲು. ಇದು ಬ್ರಿಟನ್ನಿನ ಕೆಲಸದ ಸುರಕ್ಷತಾ ಇಲಾಖೆ ಹೇಳುವ ಅಳತೆ. ನೆನಪಿಡಲು ಸುಲಭ ಅಂತ ನಾವೂ ಅದನ್ನೇ ಇಟ್ಟುಕೊಂಡಿದ್ದೇವೆ. ಗೋಡೆಯ ಮೇಲೆ ಕನ್ನಡ, ಮಲಯಾಳಂ, ಹಿಂದಿ ಮೂರರಲ್ಲೂ ಬರೆದು ಹಾಕಿದ್ದೇವೆ. ಉತ್ತರ ಪ್ರದೇಶದಿಂದ ಬಂದ ಹುಡುಗರು ಇದ್ದಾರೆ, ಅವರಿಗೆ ಕೈಸನ್ನೆ ಸಾಲುವುದಿಲ್ಲ.

ಮೆಷಿನಿನ ದೊಡ್ಡ ಕೊರತೆ ಬ್ರೇಕ್. ಇದರಲ್ಲಿ ಇಲ್ಲ. ಸ್ವಿಚ್ ಆಫ್ ಮಾಡಿದ ಮೇಲೂ ಬ್ಲೇಡ್ ತನ್ನ ಪಾಡಿಗೆ ತಿರುಗುತ್ತಾ ಇರುತ್ತದೆ. ಹತ್ತು ಸೆಕೆಂಡಿನೊಳಗೆ ನಿಲ್ಲುವ ಮೆಷಿನ್ ಸಿಕ್ಕಿದರೆ ಸ್ವಲ್ಪ ಜಾಸ್ತಿ ಕೊಟ್ಟಾದರೂ ಅದನ್ನೇ ತನ್ನಿ. ಪಕ್ಕದಲ್ಲಿ ಉಳಿದ ಸಣ್ಣ ತುಂಡನ್ನು ಕೈ ಹಾಕಿ ತೆಗೆಯುವ ಆಸೆ ಆಗುವುದು ಸರಿಯಾಗಿ ಆ ಹೊತ್ತಿಗೇ.

ಈಗ ಹುಡಿಗೆ ಬರೋಣ. ಈ ವಿಮರ್ಶೆ ಬರೆಯಲು ಕೂತದ್ದೇ ಇದಕ್ಕಾಗಿ.

ಹಲಸಿನ ಮರ ಕೊಯ್ದರೆ ಹುಡಿ ಕೆಳಗೆ ಬೀಳುತ್ತದೆ. ಎಂಡಿಎಫ್ ಕೊಯ್ದರೆ ಮೈದಾ ಹಿಟ್ಟಿನ ಹಾಗೆ ಗಾಳಿಯಲ್ಲೇ ನಿಲ್ಲುತ್ತದೆ. ಎಂಡಿಎಫ್ ಅಂದರೆ ಮರವನ್ನು ನಾರು ನಾರಾಗಿ ಬಿಡಿಸಿ, ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಸೇರಿಸಿ ಒತ್ತಿದ ಹಲಗೆ. ಹಲ್ಲು ತಾಗಿದಾಗ ಆ ನಾರು ಮತ್ತೆ ಬಿಡಿಯಾಗುತ್ತದೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದೂ ಇರುತ್ತದೆ, ಶ್ವಾಸಕೋಶದ ಆಳಕ್ಕೆ ಹೋಗುವುದು ಅದೇ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಮರದ ಹುಡಿಯನ್ನು 1995ರಲ್ಲಿ, ಫಾರ್ಮಾಲ್ಡಿಹೈಡನ್ನು 2004ರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಒಂದನೇ ಗುಂಪಿಗೆ ಹಾಕಿದೆ. ಹೆದರಿಸಲು ಹೇಳುತ್ತಿಲ್ಲ. ಬೈರಾಸು, ಅಂದರೆ ಟವೆಲು, ಮುಖಕ್ಕೆ ಸುತ್ತಿಕೊಂಡರೆ ಸಾಕು ಅನ್ನುವವರು ಇನ್ನೂ ಇದ್ದಾರೆ, ಅದಕ್ಕೆ ಹೇಳಿದೆ. ಬಟ್ಟೆಯ ಎಳೆಗಳ ನಡುವೆ ಆ ಹುಡಿ ಆರಾಮಾಗಿ ದಾಟುತ್ತದೆ.

ಡಸ್ಟ್ ಕಲೆಕ್ಟರಿನ ಡಬ್ಬದ ಮೇಲೆ ಬರೆದ ಗಾಳಿಯ ಲೆಕ್ಕ ನಂಬಬೇಡಿ. ಅದು ಪೈಪು, ಚೀಲ ಏನೂ ಇಲ್ಲದೆ ಫ್ಯಾನ್ ಒಂದನ್ನೇ ಓಡಿಸಿದಾಗಿನ ಲೆಕ್ಕ. ಒಣ ಹುಡಿ ಪೈಪಿನೊಳಗೆ ಕೂರದೆ ಸಾಗಬೇಕಾದರೆ ಗಾಳಿ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೋಗಬೇಕು. 100 ಮಿ.ಮೀ. ಪೈಪಿನಲ್ಲಿ ಅದು ಗಂಟೆಗೆ ಸುಮಾರು 565 ಘನ ಮೀಟರ್ ಗಾಳಿ. ಮೆಷಿನಿಗೆ ಕೆಳಗೊಂದು, ಬ್ಲೇಡನ್ನು ಮೇಲಿನಿಂದ ಮುಚ್ಚುವ ಗಾರ್ಡಿನ ಮೇಲೊಂದು ಬಾಯಿ ಇರುವುದರಿಂದ ಎರಡಕ್ಕೂ ಇಷ್ಟಿಷ್ಟು ಬೇಕು. ಸುರುಳಿ ಪೈಪ್ ಉದ್ದವಾದಷ್ಟೂ ಎಳೆತ ಸತ್ತು ಹೋಗುತ್ತದೆ. ಡೀಲರ್ ಕಡೆಯವನು ಉದ್ದದ ಸುರುಳಿ ಪೈಪನ್ನು ನೆಲದ ಮೇಲೆ ಹಾವಾಡಿಸಿ ಹೋಗಿದ್ದ. ಅದನ್ನು ತೆಗೆದು ನೆಟ್ಟಗಿನ ತಗಡಿನ ಪೈಪ್ ಹಾಕಿ, ಕೊನೆಯ ತುಂಡಿಗೆ ಮಾತ್ರ ಸುರುಳಿ ಉಳಿಸಿಕೊಂಡೆವು. ಎಳೆತದಲ್ಲಿ ಆದ ವ್ಯತ್ಯಾಸ ಕೈ ಹಿಡಿದರೇ ಗೊತ್ತಾಗುತ್ತದೆ. ತಗಡಿನ ಪೈಪಿಗೆ ಅರ್ಥಿಂಗ್ ಕೊಡಿ, ಹುಡಿ ಉಜ್ಜಿ ಸ್ಟ್ಯಾಟಿಕ್ ಕರೆಂಟ್ ಹುಟ್ಟುತ್ತದೆ.

ಗಾರ್ಡಿನ ಮೇಲಿನ ಬಾಯಿಯನ್ನು ಬಹಳ ಕಡೆ ಜೋಡಿಸುವುದೇ ಇಲ್ಲ. ಬೋರ್ಡಿನ ಅಂಚನ್ನು ಬರೇ ಎರಡು ಮಿ.ಮೀ. ಸವರುವಾಗ ಹುಡಿಗೆ ಕೆಳಗೆ ಹೋಗಲು ದಾರಿ ಇರುವುದಿಲ್ಲ, ಎಲ್ಲ ಮೇಲಕ್ಕೇ ಹಾರುತ್ತದೆ. ಆಗ ಈ ಬಾಯಿ ಇಲ್ಲದಿದ್ದರೆ ಕೊಯ್ಯುವವನ ಮುಖವೇ ಫಿಲ್ಟರು.

ನಿಜವಾಗಿ ಕೈ ಕೊಟ್ಟದ್ದು ಚೀಲ. ಜೊತೆಗೆ ಬಂದ ಬಟ್ಟೆ ಚೀಲ ದಪ್ಪ ಹುಡಿ ಹಿಡಿದಿಟ್ಟು ಸಣ್ಣದನ್ನು ಮತ್ತೆ ಶಾಪಿನೊಳಗೇ ಉದುರಿಸುತ್ತಿತ್ತು. ಗೊತ್ತಾದದ್ದು ಟಾರ್ಚಿನಿಂದ. ಕತ್ತಲಾದ ಮೇಲೆ ಲೈಟ್ ಆರಿಸಿ, ಚೀಲದ ಆಚೆ ಟಾರ್ಚ್ ಇಟ್ಟು, ಈಚೆಯಿಂದ ಬೆಳಕಿನ ಎದುರು ನೋಡಿ. ಬೆಳಕು ನೇರ ಕಣ್ಣಿಗೆ ಹೊಡೆಯದಂತೆ ಕೈ ಅಡ್ಡ ಹಿಡಿಯಿರಿ. ಹಗಲು ಏನೂ ಕಾಣದ ಕಡೆ ಹೊಗೆಯಂತೆ ಹುಡಿ ಏಳುವುದು ಕಾಣುತ್ತದೆ. ದುಡ್ಡಿಲ್ಲದ ಈ ಪರೀಕ್ಷೆ ನೋಡಿದ ಮೇಲೆಯೇ ನಮ್ಮ ಆಚಾರ್ರು ಮಾಸ್ಕಿಗೆ ಒಪ್ಪಿದ್ದು. ಅಲ್ಲಿವರೆಗೆ 'ಉಸಿರು ಕಟ್ತದೆ ಮಾರಾಯ್ರೆ' ಅಂತ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದರು. ಆಮೇಲೆ ಮಡಿಕೆ ಮಡಿಕೆಯ ಕಾರ್ಟ್ರಿಜ್ ಫಿಲ್ಟರ್ ಹಾಕಿಸಿದೆವು. ಹಳೆ ಚೀಲದ ನಾಲ್ಕು ಪಟ್ಟು ದುಡ್ಡು ಹೋಯಿತು, ಆದರೆ ಟಾರ್ಚಿನ ಬೆಳಕು ಈಗ ಸ್ವಚ್ಛ. ಅದಿದ್ದರೂ ಎನ್95 ಮಾಸ್ಕ್ ಬಿಟ್ಟಿಲ್ಲ. ಅದರಲ್ಲೂ ಹುಡಿ ತುಂಬಿದ ಚೀಲ ಬಿಚ್ಚಿ ಖಾಲಿ ಮಾಡುವ ಹೊತ್ತು ಇಡೀ ವಾರದಲ್ಲೇ ಕೆಟ್ಟದ್ದು. ಕಂಪ್ರೆಸರ್ ಗಾಳಿಯಲ್ಲಿ ಮೈ, ಮೆಷಿನ್ ಊದುವುದು ನಮ್ಮಲ್ಲಿ ನಿಂತಿದೆ. ವ್ಯಾಕ್ಯೂಮ್ ಹಾಕುತ್ತೇವೆ.

ಗ್ರೈಂಡರ್ ಕೆಲಸವನ್ನು ಹುಡಿ ಇರುವ ಕಡೆಯಿಂದ ದೂರ ಇಟ್ಟಿದ್ದೇವೆ. ನೆಲ ಗುಡಿಸಿದ್ದನ್ನು ಕಲೆಕ್ಟರಿನ ಬಾಯಿಗೆ ಕೊಡುವುದಿಲ್ಲ. ಒಂದು ಮೊಳೆ ಫ್ಯಾನಿನ ರೆಕ್ಕೆಗೆ ತಾಗಿ ಕಿಡಿ ಹಾರಿದರೆ, ಚೀಲದ ತುಂಬ ಇರುವುದು ಒಣ ಸಣ್ಣ ಹುಡಿ. ಅದು ಬರೇ ಉರಿಯುವುದಲ್ಲ, ಸ್ಫೋಟವೂ ಆಗಬಹುದು.

ಊರಿನವರಿಗೆ ಒಂದು ಮಾತು. ಮರದ ಹುಡಿಯನ್ನು ಹಟ್ಟಿಗೆ ಹಾಸಲು, ಕೋಳಿ ಫಾರ್ಮಿಗೆ ಅಂತ ಜನ ಮೊದಲಿನಿಂದಲೂ ಒಯ್ಯುತ್ತಾರೆ. ನಾವು ಈಗ ಬೋರ್ಡಿನ ಹುಡಿ ಕೊಡುವುದಿಲ್ಲ, ಮರದ್ದು ಮಾತ್ರ ಬೇರೆ ಚೀಲದಲ್ಲಿ ತೆಗೆದಿಡುತ್ತೇವೆ. ಬೋರ್ಡಿನ ತುಂಡುಗಳನ್ನು ಬಚ್ಚಲ ಒಲೆಗೆ ಕೇಳುವವರಿಗೂ ಇಲ್ಲ ಅನ್ನಬೇಕಾಗುತ್ತದೆ. ಅಂಟು, ಲ್ಯಾಮಿನೇಟ್ ಉರಿದ ಹೊಗೆ ಮನೆಯೊಳಗೆ ಬೇಡ. ಸುಮ್ನೆ ಜಿಪುಣ ಅನ್ನಿಸಿಕೊಂಡದ್ದಾಯಿತು.

ಮಳೆಗಾಲದಲ್ಲಿ ಮೆಷಿನಿನ ಎರಕದ ಟೇಬಲ್ ಒಂದೇ ರಾತ್ರಿಗೆ ಕೆಂಪಾಗುತ್ತದೆ. ಜೂನಿಗೆ ಮೊದಲು ಮೇಣ ತಿಕ್ಕಿ ಇಡಬೇಕು. ಬೋರ್ಡನ್ನು ಗೋಡೆಗೆ ಒರಗಿಸದೆ, ನೆಲದಿಂದ ಎತ್ತರಿಸಿ ಮಲಗಿಸಿದರೆ ಬಾಗುವುದಿಲ್ಲ. ಬಾಗಿದ ಬೋರ್ಡ್ ಟೇಬಲಿನ ಮೇಲೆ ಆಡುತ್ತದೆ, ಆಡುವ ಬೋರ್ಡ್ ಬ್ಲೇಡಿಗೆ ಸಿಕ್ಕಿಕೊಳ್ಳುತ್ತದೆ. ಕರೆಂಟ್ ಹೋಗಿ ಬಂದಾಗ ಮೆಷಿನ್ ತಾನಾಗಿ ಶುರುವಾಗಬಾರದು. ನಮ್ಮದರ ಸ್ಟಾರ್ಟರಿನಲ್ಲಿ ಆ ವ್ಯವಸ್ಥೆ ಇದೆ, ಆಟಿ ತಿಂಗಳ ಮಳೆಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಸರ್ವಿಸ್ ಬಗ್ಗೆ ಹೇಳುವಷ್ಟು ಒಳ್ಳೆಯದೇನಿಲ್ಲ. ಸ್ಕೋರಿಂಗ್ ಬೆಲ್ಟ್ ತುಂಡಾದಾಗ ಡೀಲರಿನ ಜನ ನಾಳೆ ನಾಡಿದ್ದು ಅಂತ ಎಳೆದರು. ಅಳತೆ ಹಿಡಿದು ಮಂಗಳೂರಿನಲ್ಲಿ ಹುಡುಕಿದರೆ ಅಂಗಡಿಯಲ್ಲೇ ಸಿಕ್ಕಿತು. ಎರಡು ಬೆಲ್ಟ್ ತಂದಿಟ್ಟುಕೊಳ್ಳಿ. ಬ್ಲೇಡ್ ಸಾಣೆಗೂ ಮಂಗಳೂರಿಗೇ ಹೋಗಬೇಕು. ಅಂಟಿನಿಂದಾಗಿ ಬೋರ್ಡು ಕಾರ್ಬೈಡನ್ನೂ ಬೇಗ ಮೊಂಡು ಮಾಡುತ್ತದೆ. ಅಂಚು ಕರಿದಾಗತೊಡಗಿದರೆ, ತಳ್ಳಲು ಬಲ ಹಾಕಬೇಕಾಗಿ ಬಂದರೆ ಬ್ಲೇಡ್ ಬಿಚ್ಚುವ ಹೊತ್ತಾಯಿತು ಅಂತಲೇ ಅರ್ಥ. ಬಿಚ್ಚುವಾಗ ಮೇನ್ ಸ್ವಿಚ್ ಆಫ್ ಮಾಡಿ, ಫ್ಯೂಸ್ ತೆಗೆದು ಜೇಬಿಗೆ ಹಾಕಿಕೊಳ್ಳಿ.

ಯಾರು ತೆಗೆದುಕೊಳ್ಳಬಹುದು? ದಿನವೂ ಶೀಟು ಕೊಯ್ಯುವ ಕೆಲಸ ಇದ್ದರೆ ಧೈರ್ಯವಾಗಿ ತನ್ನಿ. ಹಣ ಕೊಡುವ ಮೊದಲು ರೈವಿಂಗ್ ನೈಫಿನ ದಪ್ಪ, ಗಾರ್ಡಿನ ಮೇಲಿನ ಬಾಯಿ, ಫಿಲ್ಟರ್ ಜಾತಿ, ಬ್ರೇಕ್ ಇದೆಯೋ ಇಲ್ಲವೋ, ಈ ನಾಲ್ಕನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ವಾರಕ್ಕೆ ನಾಲ್ಕೈದು ಶೀಟು ಮಾತ್ರ ಕೊಯ್ಯುವವರಿಗೆ ಇಷ್ಟು ದೊಡ್ಡ ಮೆಷಿನ್ ಬೇಡ. ಕೈಯಲ್ಲಿ ಹಿಡಿದು ಹಳಿಯ ಮೇಲೆ ಓಡಿಸುವ ಸಣ್ಣ ಕರೆಂಟ್ ಗರಗಸ, ಅಂದರೆ ಪ್ಲಂಜ್ ಸಾ, ಅದಕ್ಕೆ ಜೋಡಿಸುವ ಒಳ್ಳೆ ವ್ಯಾಕ್ಯೂಮ್ ಸಾಕು. ಶೀಟಿನ ಅಡಿಗೆ ಥರ್ಮೋಕೋಲ್ ಹಲಗೆ ಹಾಸಿ ನೆಲದಲ್ಲೇ ಕೊಯ್ಯಬಹುದು, 40 ಕೆ.ಜಿ. ಎತ್ತುವ ಕೆಲಸವೂ ತಪ್ಪುತ್ತದೆ. ಮೂರು ಲಕ್ಷದಲ್ಲಿ ಉಳಿದದ್ದನ್ನು ಬೋರ್ಡಿನ ಅಂಚಿಗೆ ಪಟ್ಟಿ ಅಂಟಿಸುವ ಎಡ್ಜ್ ಬ್ಯಾಂಡಿಂಗ್ ಮೆಷಿನಿಗೆ ಹಾಕಿ.