ಮಳೆಗಾಲದ ಸಿಳ್ಳೆಗೆ ಯಾವುದು ಸರಿ: ರೀಅಸೈನ್‌ಮೆಂಟೋ, ಸಿಂಕ್ರೋಸ್ಕ್ವೀಜಿಂಗೋ?

ಮುಂಗಾರಿನಲ್ಲಿ ಮಡಿಕೇರಿ ಸುತ್ತಮುತ್ತಲ ಹೊಳೆಬದಿಯಲ್ಲಿ ಮಲಬಾರ್ ವಿಸ್ಲಿಂಗ್ ಥ್ರಶ್ ಹಕ್ಕಿಯ ಹಾಡು ರೆಕಾರ್ಡ್ ಮಾಡಿದರೆ ಜಾರುವ ಸಿಳ್ಳೆ, ಕಾಫಿ ಎಲೆಯ ಮೇಲೆ ಹನಿ ಬೀಳುವ ಟಪ್ ಸದ್ದು, ನೀರಿನ ಮೊರೆತ ಮೂರೂ ಒಟ್ಟಿಗೆ ಸಿಗುತ್ತವೆ. ಯಾವ ಆವರ್ತನ ಯಾವಾಗ ಬಂತು ಎಂದು ಸದ್ದನ್ನು ಚಿತ್ರವಾಗಿಸುವ ವಿಧಾನಗಳಲ್ಲಿ ಯಾವುದು ಎಲ್ಲಿ ಸೋಲುತ್ತದೆ ಎಂದು ನೋಡಲು ಹೇಳಿಮಾಡಿಸಿದ ಸದ್ದು. ತಲೆಬರಹದ ಎರಡೂ ಅಂಥ ಚಿತ್ರವನ್ನು ಚೂಪಾಗಿಸುವ ವಿಧಾನಗಳು.

ಸಾದಾ ಸ್ಪೆಕ್ಟ್ರೋಗ್ರಾಮ್ ಸದ್ದನ್ನು ‘ವಿಂಡೋ’ ಎಂಬ ಸಣ್ಣ ತುಣುಕುಗಳಾಗಿ ನೋಡುತ್ತದೆ. ಅದರಲ್ಲಿ, 44,100 ಹರ್ಟ್ಸ್ ಸ್ಯಾಂಪ್ಲಿಂಗ್‌ಗೆ 1,024 ಸ್ಯಾಂಪಲ್‌ನ ಹ್ಯಾನ್ ವಿಂಡೋ (ಅಂಚುಗಳತ್ತ ಸೊನ್ನೆಗಿಳಿಯುವ ಆಕಾರದ್ದು) ಎಂದರೆ 23 ಮಿಲಿಸೆಕೆಂಡ್. ಬಿನ್, ಅಂದರೆ ಆವರ್ತನದ ಒಂದು ಮನೆ, 43 ಹರ್ಟ್ಸ್, ಆದರೆ ಒಂದೇ ಸ್ವರ ಮೂಡಿಸುವ ಮುಖ್ಯ ಉಬ್ಬು ನಾಲ್ಕು ಬಿನ್ ಅಗಲ. ಸಿಳ್ಳೆ ದಪ್ಪ ಪಟ್ಟಿಯಾಗುತ್ತದೆ. ವಿಂಡೋ 4,096 ಮಾಡಿದರೆ ಪಟ್ಟಿ ಸಪೂರ, ಹನಿ ಮಾತ್ರ 93 ಮಿಲಿಸೆಕೆಂಡ್‌ವರೆಗೆ ಹರಡುತ್ತದೆ. ವಿಗ್ನರ್-ವಿಲ್ ಎಂಬ ಇನ್ನೊಂದು ವಿಧಾನ ಚೂಪಾಗಿದ್ದರೂ 2 ಮತ್ತು 4 ಕಿಲೋಹರ್ಟ್ಸ್ ಸ್ವರಗಳ ನಡುವೆ, 3ರಲ್ಲಿ, ಇಲ್ಲದ ಸ್ವರವೊಂದನ್ನು ತೋರಿಸುತ್ತದೆ. ಕಾಡಿನ ಸದ್ದಿಗೆ ಬೇಡ.

ರೀಅಸೈನ್‌ಮೆಂಟ್ (ಓಜೆ, ಫ್ಲಾಂಡ್ರಿನ್, 1995) ಮೂರು ವಿಂಡೋಗಳಲ್ಲಿ ಲೆಕ್ಕ ಹಾಕುತ್ತದೆ: ಮೂಲ ವಿಂಡೋ, ಅದನ್ನು ಕಾಲದಿಂದ ಗುಣಿಸಿದ್ದು, ಅದರ ಅವಕಲನ. ಶಕ್ತಿಯನ್ನು ಕಾಲ, ಆವರ್ತನ ಎರಡೂ ದಿಕ್ಕಿನಲ್ಲಿ ಅದರ ಗುರುತ್ವಕೇಂದ್ರಕ್ಕೆ ಸರಿಸುವುದರಿಂದ ಹನಿ ನೆಟ್ಟಗೆ ನಿಂತ ಗೆರೆ, ಸಿಳ್ಳೆ ತೆಳು ಗೆರೆ. ತೊಂದರೆ ಇರುವುದು ಮೊರೆತದಲ್ಲಿ. ಅದೂ ಎಳೆಎಳೆಯಾಗಿ ಗಂಟುಕಟ್ಟಿ ಹಾಡಿನಂತೆಯೇ ಕಾಣುತ್ತದೆ. ಪೈಥಾನ್‌ನ ಸದ್ದಿನ ಲೈಬ್ರರಿ ಲಿಬ್ರೋಸಾದಲ್ಲಿ ‘ರೆಫ್_ಪವರ್’ (ಇದಕ್ಕಿಂತ ಕಡಿಮೆ ಶಕ್ತಿಯ ಬಿಂದುಗಳನ್ನು ಬಿಡುವ ಮಿತಿ) ಮೊದಲೇ ಇಟ್ಟಿರುವ 0.000001ರಲ್ಲೇ ಉಳಿದರೆ ಇಂಥ ಎಳೆಗಳು ತುಂಬಿಕೊಳ್ಳುತ್ತವೆ. ಮೊರೆತವಷ್ಟೇ ಇರುವ ತುಣುಕಿನ ಶಕ್ತಿ ಅಳೆದು ಅದಕ್ಕಿಂತ ಮೇಲೆ ಇಡಬೇಕು. ಲಿಬ್ರೋಸಾದಲ್ಲಿ ಫೈಲ್ ತೆರೆಯುವ ‘ಲೋಡ್’ ಕೂಡ ಹೇಳದೆ ಕೇಳದೆ ಸ್ಯಾಂಪ್ಲಿಂಗನ್ನು 22,050ಕ್ಕೆ ಇಳಿಸುತ್ತದೆ: ನಿಮ್ಮ 1,024 ಆಗ 46 ಮಿಲಿಸೆಕೆಂಡ್. ಸರಿಸಿದ ಬಿಂದುಗಳು ಗ್ರಿಡ್ ಮೇಲೆ ಕೂರುವುದಿಲ್ಲ, ಹಾಗಾಗಿ ಚಿತ್ರ ಬರೆಯಲು ಬಿಡಿಬಿಡಿ ಚುಕ್ಕೆ ಇಡುವ ಸ್ಕ್ಯಾಟರ್ ಬಳಸಿ.

ಸಿಂಕ್ರೋಸ್ಕ್ವೀಜಿಂಗ್ (ದೊಬೆಶಿ, ಲು, ವೂ, 2011) ಆವರ್ತನದ ದಿಕ್ಕಿನಲ್ಲಷ್ಟೇ ಸರಿಸುತ್ತದೆ. ಹನಿ ಮಸುಕಾಗಿಯೇ ಉಳಿಯುತ್ತದೆ. ಆದರೆ ಫೇಸ್ (ಅಲೆ ತನ್ನ ಸುತ್ತಿನಲ್ಲಿ ಎಲ್ಲಿದೆ ಎಂಬ ಲೆಕ್ಕ) ಉಳಿಯುವುದರಿಂದ ಗೆರೆಯ ಅಕ್ಕಪಕ್ಕದ ಕೆಲವು ಬಿನ್ ಕೂಡಿಸಿ ಸಿಳ್ಳೆಯೊಂದನ್ನೇ ಮರಳಿ ಸದ್ದಾಗಿಸಬಹುದು. ರೀಅಸೈನ್‌ಮೆಂಟ್‌ನಲ್ಲಿ ಆ ದಾರಿಯೇ ಇಲ್ಲ. ಸ್ವರ 50 ಮಿಲಿಸೆಕೆಂಡ್‌ನಲ್ಲಿ 1 ಕಿಲೋಹರ್ಟ್ಸ್ ಜಾರಿದರೆ 23 ಮಿಲಿಸೆಕೆಂಡ್‌ನ ಒಂದೇ ವಿಂಡೋದೊಳಗೆ ಸುಮಾರು 460 ಹರ್ಟ್ಸ್ ಬದಲಾಗುತ್ತದೆ, ಗೆರೆ ಕದಡುತ್ತದೆ. ಅಲ್ಲಿ ಜಾರುವ ವೇಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ, ಸಿಂಕ್ರೋಸ್ಕ್ವೀಜಿಂಗ್‌ನ ಎರಡನೇ ದರ್ಜೆಯ ರೂಪ ಬೇಕು. ಮೆಮೊರಿಯೂ ಹೊಟ್ಟೆಬಾಕ: ಪ್ರತಿ ಸ್ಯಾಂಪಲ್‌ಗೂ ಲೆಕ್ಕ ಹಾಕಿದರೆ 10 ಸೆಕೆಂಡ್ ಸದ್ದಿಗೆ 513 ಬಿನ್, 16 ಬೈಟ್‌ನಂತೆ 3.6 ಜಿಬಿ. ಸ್ಯಾಂಪ್ಲಿಂಗನ್ನು 11,025ಕ್ಕೆ ಇಳಿಸಿ 256ರ ವಿಂಡೋ ಇಟ್ಟರೆ ಅದೇ 23 ಮಿಲಿಸೆಕೆಂಡ್, 230 ಎಂಬಿಯೊಳಗೆ. ಫಿಲ್ಟರ್ ಹಾಕದೆ ನಾಲ್ಕರಲ್ಲಿ ಮೂರು ಸ್ಯಾಂಪಲ್ ಕಿತ್ತರೆ ಮಾತ್ರ ಮೇಲಿನ ಜೀರುಂಡೆ ಸದ್ದು ಮಡಚಿಕೊಂಡು ಸಿಳ್ಳೆಯ ಮೇಲೆ ಬಂದು ಕೂರುತ್ತದೆ.

ನಮ್ಮ ಆಯ್ಕೆ: ನೋಡಲು, ಅಳೆಯಲು ರೀಅಸೈನ್‌ಮೆಂಟ್, ಸಿಳ್ಳೆ ಬಿಡಿಸಿ ತೆಗೆಯಲು ಸಿಂಕ್ರೋಸ್ಕ್ವೀಜಿಂಗ್. 100 ಹರ್ಟ್ಸ್ ಅಂತರದಲ್ಲಿ ಎರಡು ಹಕ್ಕಿ ಒಟ್ಟಿಗೆ ಕೂಗಿದರೆ 23 ಮಿಲಿಸೆಕೆಂಡ್ ವಿಂಡೋದಲ್ಲಿ ಎರಡೂ ವಿಧಾನ ಸೋಲುತ್ತವೆ. ಕಾಣುವ ಚಂದದ ಒಂಟಿ ಗೆರೆ ಸುಳ್ಳು. ವಿಂಡೋ ದುಪ್ಪಟ್ಟು, ಅರ್ಧ ಮಾಡಿ ನೋಡಿ: ಜಾಗ ಬದಲಿಸುವ ಗೆರೆಯನ್ನು ಅಳತೆಗೆ ಸೇರಿಸಬೇಡಿ.