ಹೋಮ್‌ಸ್ಕೂಲಿಂಗ್ ಪ್ಯಾಕೇಜಿಗೆ ದುಡ್ಡು ಕಟ್ಟುವ ಮೊದಲು ಇದನ್ನೊಮ್ಮೆ ಓದಿ

ಮಕ್ಕಳನ್ನು ಶಾಲೆ ಬಿಡಿಸಿ ಮನೆಯಲ್ಲೇ ಓದಿಸೋಣ ಅಂತ ಯೋಚಿಸುತ್ತಿರುವ ಅಪ್ಪ ಅಮ್ಮಂದಿರಿಗಾಗಿ ಬರೆಯುತ್ತಿದ್ದೇನೆ. ಹೋಮ್‌ಸ್ಕೂಲಿಂಗ್ ಬೇಡ ಅಂತ ನಾನು ಹೇಳುವುದಿಲ್ಲ. ನನ್ನ ಮಗಳು ಹತ್ತನೇ ತರಗತಿಯನ್ನು ಮನೆಯಲ್ಲೇ ಓದಿ ಮುಗಿಸಿದಳು. ಆದರೆ ಮೊದಲ ಎರಡು ವರ್ಷ ನಾವು ಮೋಸ ಹೋದೆವು. 1,40,000 ರೂಪಾಯಿ ಹೋಯಿತು. ಮಗನ ಎರಡು ವರ್ಷದ ಕನ್ನಡವೂ ಲೆಕ್ಕವೂ ಹೋಯಿತು. ಅದು ನನಗೆ ದುಡ್ಡಿಗಿಂತ ಜಾಸ್ತಿ ನೋವು ಕೊಟ್ಟಿದೆ.

2021ರ ಜೂನ್. ಮೈಸೂರಿನಲ್ಲಿದ್ದೇವೆ. ಮಗಳಿಗೆ 11, ಮಗನಿಗೆ 6. ಕೊರೊನಾ ಕಾಲದ ಆನ್‌ಲೈನ್ ಪಾಠಕ್ಕೆ ಮೊಬೈಲ್ ಮುಂದೆ ಕೂತು ಕೂತು ಇಬ್ಬರಿಗೂ ಸಾಕಾಗಿತ್ತು, ಶಾಲೆ ಮಾತ್ರ ಪೂರ್ತಿ ಫೀಸು ಕೇಳುತ್ತಿತ್ತು. ಆಗ ಪರಿಚಯದವರೊಬ್ಬರು ಒಬ್ಬ ಕೌನ್ಸೆಲರ್ ನಂಬರ್ ಕೊಟ್ಟರು. ಅವರು ತುಂಬಾ ಚೆನ್ನಾಗಿ ಮಾತಾಡಿದರು. ಷಾರ್ಲೆಟ್ ಮೇಸನ್, ಮಾಂಟೆಸ್ಸರಿ, ವಾಲ್ಡಾರ್ಫ್, ಅನ್‌ಸ್ಕೂಲಿಂಗ್ ಅಂತ ಮಕ್ಕಳಿಗೆ ಕಲಿಸುವ ಬೇರೆ ಬೇರೆ ವಿಧಾನಗಳ ಹೆಸರನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿದರು. ಕೊನೆಗೆ ಅಮೆರಿಕದ ಒಂದು ಪ್ಯಾಕೇಜ್ ತೋರಿಸಿದರು. ಪುಸ್ತಕ, ವರ್ಕ್‌ಶೀಟ್, ದಿನದಿನದ ಟೈಮ್‌ಟೇಬಲ್, ವರ್ಷದ ಕೊನೆಗೆ ಅಂಕಪಟ್ಟಿ, ಎಲ್ಲ ಅದರಲ್ಲೇ. "ಅಂತರರಾಷ್ಟ್ರೀಯ ಮಾನ್ಯತೆ ಇದೆ ಮೇಡಂ, ಮುಂದೆ ಪಿಯುಗೆ ಏನೂ ತೊಂದರೆ ಆಗಲ್ಲ" ಅಂದರು. ಈ ವಾರವೇ ಎರಡು ವರ್ಷದ್ದು ಒಟ್ಟಿಗೆ ಕಟ್ಟಿದರೆ ರಿಯಾಯಿತಿ ಅಂತಲೂ ಸೇರಿಸಿದರು. ನಾವು ಕಟ್ಟಿಬಿಟ್ಟೆವು. ಒಂದು ಪುಸ್ತಕವನ್ನೂ ಕೈಯಲ್ಲಿ ಹಿಡಿದು ನೋಡಿರಲಿಲ್ಲ.

ಎರಡು ದೊಡ್ಡ ಪೆಟ್ಟಿಗೆ ಬಂದವು. ಪುಸ್ತಕಗಳು ನೋಡಲು ಚೆಂದವೇ. ಅಮೆರಿಕದ ಮಕ್ಕಳಿಗೆ ಅವು ಒಳ್ಳೆಯ ಪುಸ್ತಕಗಳೇ ಇರಬೇಕು. ಆದರೆ ನನ್ನ ಮಗ ಕೂಡಿಸೋದು ಕಳೆಯೋದು ಕಲಿತದ್ದು ನಿಕಲ್, ಡೈಮ್, ಕ್ವಾರ್ಟರ್ ಅನ್ನುವ ಅಮೆರಿಕದ ನಾಣ್ಯಗಳ ಲೆಕ್ಕದಲ್ಲಿ. ಉದ್ದ ಅಳೆದದ್ದು ಇಂಚಿನಲ್ಲಿ, ತೂಕ ಪೌಂಡಿನಲ್ಲಿ, ಹವೆಯ ಉಷ್ಣಾಂಶ ಫ್ಯಾರನ್‌ಹೀಟಿನಲ್ಲಿ. ಆರು ತಿಂಗಳಾದ ಮೇಲೆ ಒಂದು ದಿನ ದೇವರಾಜ ಮಾರುಕಟ್ಟೆಗೆ ಕರೆದುಕೊಂಡು ಹೋಗಿದ್ದೆ. ದಂಟಿನ ಸೊಪ್ಪು ಕಟ್ಟಿಗೆ 15 ರೂಪಾಯಿ. ಎರಡು ಕಟ್ಟು ತಗೊಂಡು ಅವನ ಕೈಯಲ್ಲೇ 50ರ ನೋಟು ಕೊಡಿಸಿದೆ. ಸೊಪ್ಪಿನ ಅಜ್ಜಿ, "ಎಷ್ಟು ವಾಪಸ್ ಕೊಡ್ಲಿ ಹೇಳು ಮಗಾ" ಅಂತ ಪ್ರೀತಿಯಿಂದ ಕೇಳಿದರು. ಅವನು ನನ್ನ ಮುಖ ನೋಡಿದ. ಡಾಲರಿಗೆ ಎಷ್ಟು ಕ್ವಾರ್ಟರ್ ಅಂದರೆ ತಟ್ಟನೆ ನಾಲ್ಕು ಅನ್ನುತ್ತಿದ್ದ ಹುಡುಗ ಅವನು.

ಮಗಳದ್ದು ಬೇರೆ ಕಥೆ. ನಮ್ಮ ಪ್ಯಾಕೇಜಿಗೆ ಅಂಟಿಸಿದ್ದದ್ದು ಷಾರ್ಲೆಟ್ ಮೇಸನ್ ಹೆಸರು. ಅವರು ಇಂಗ್ಲೆಂಡಿನ ಶಿಕ್ಷಕಿ, 1923ರಲ್ಲಿ ತೀರಿಕೊಂಡವರು. ಆಮೇಲೆ ಅವರ ವಿಧಾನದ ಬಗ್ಗೆ ನಾನೇ ಓದಿದೆ, ತುಂಬಾ ಇಷ್ಟವಾಯಿತು. ಪಾಠ ಚಿಕ್ಕದಿರಬೇಕು, ಸಣ್ಣ ಮಕ್ಕಳಿಗೆ ಹದಿನೈದು ಇಪ್ಪತ್ತು ನಿಮಿಷ ಸಾಕು. ಓದಿದ್ದನ್ನು ಮಗು ತನ್ನ ಮಾತಿನಲ್ಲಿ ಹೇಳಬೇಕು. ದಿನವೂ ಹೊರಗೆ ಹೋಗಿ ಗಿಡ, ಹಕ್ಕಿ, ಹುಳು ನೋಡಬೇಕು. ನೋಡಿದ್ದನ್ನು ಪುಸ್ತಕದಲ್ಲಿ ಬರೆದು ಚಿತ್ರ ಬಿಡಿಸಬೇಕು. ಇದಕ್ಕೆ ಪೆಟ್ಟಿಗೆ ಯಾಕೆ ಬೇಕು ಹೇಳಿ? ನಮಗೆ ಬಂದ ಪ್ಯಾಕೇಜಿನಲ್ಲಿ ದಿನಕ್ಕೆ ಐದು ಗಂಟೆ ಕೆಲಸ. ಹಕ್ಕಿ ಪುಸ್ತಕದಲ್ಲಿ ರಾಬಿನ್, ಮರ ಅಂದರೆ ಓಕ್. ಮಗಳು ರಾಬಿನ್ ಚಿತ್ರ ಎಷ್ಟು ಚೆನ್ನಾಗಿ ಬಿಡಿಸಿದ್ದಳು ಅಂದರೆ ಅದು ಈಗಲೂ ನನ್ನ ಬಳಿ ಇದೆ. ಅದೇ ವಾರ ನಮ್ಮ ಕಾಂಪೌಂಡಿನ ದಾಸವಾಳ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿತ್ತು. ಅವಳಿಗೆ ಗೊತ್ತೇ ಆಗಿರಲಿಲ್ಲ. ಬೆಳಗ್ಗೆಯಿಂದ ವರ್ಕ್‌ಶೀಟ್ ತುಂಬುತ್ತಾ ಒಳಗೇ ಕೂತಿದ್ದಳು.

ವಿಧಾನ ಬೇರೆ, ಆ ವಿಧಾನದ ಹೆಸರು ಅಂಟಿಸಿ ಮಾರುವ ಪೆಟ್ಟಿಗೆ ಬೇರೆ. ನಾನು ಕಲಿತದ್ದರಲ್ಲಿ ಇದು ಮುಖ್ಯವಾದದ್ದು.

ಕನ್ನಡ ಆ ಪೆಟ್ಟಿಗೆಯಲ್ಲಿ ಇರಲೇ ಇಲ್ಲ. ಮನೆಯಲ್ಲಿ ಮಾತಾಡುತ್ತೇವಲ್ಲ, ಓದೋದು ತಾನಾಗಿ ಬರುತ್ತದೆ ಅಂದುಕೊಂಡಿದ್ದೆ. ನಮ್ಮತ್ತೆ ಒಂದು ಸಲ ಗೃಹಪ್ರವೇಶದ ಕಾಗದವನ್ನು ಮಗಳ ಕೈಗೆ ಕೊಟ್ಟು, "ಕನ್ನಡಕ ಸಿಗ್ತಿಲ್ಲ, ಓದು ಪುಟ್ಟಿ" ಅಂದರು. ಮೊದಲ ಪದವೇ "ಆಹ್ವಾನ". ಐದನೇ ತರಗತಿವರೆಗೆ ಕನ್ನಡ ಓದಿದ್ದ ಹುಡುಗಿ "ಹ್ವಾ" ಹತ್ತಿರ ನಿಂತುಬಿಟ್ಟಳು. ಎರಡು ಸಲ ಪ್ರಯತ್ನಪಟ್ಟು ಕಾಗದ ಕೆಳಗಿಟ್ಟು ಎದ್ದು ಹೋದಳು. ಅತ್ತೆ ನನಗೆ ಏನೂ ಅನ್ನಲಿಲ್ಲ. ಮಾರನೇ ದಿನದಿಂದ ಅವರೇ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೇಪರ್ ಓದಿಸತೊಡಗಿದರು.

ಇನ್ನು ಆ "ಮಾನ್ಯತೆ". 2023ರ ಶುರುವಿನಲ್ಲಿ ಪಕ್ಕದ ಮನೆಯವರ ಜೊತೆ ಒಂದು ಪಿಯು ಕಾಲೇಜಿಗೆ ಹೋಗಿದ್ದೆ. ಇರಲಿ ಅಂತ ಪ್ಯಾಕೇಜಿನವರ ಮಾದರಿ ಅಂಕಪಟ್ಟಿಯನ್ನೂ ಜೊತೆಗೆ ಒಯ್ದಿದ್ದೆ. ಆಫೀಸಿನವರು ತಿರುಗಿಸಿ ತಿರುಗಿಸಿ ನೋಡಿ, "ಇದು ಯಾವ ಬೋರ್ಡು ಮೇಡಂ? ಹತ್ತನೇ ತರಗತಿ ಬೋರ್ಡ್ ಮಾರ್ಕ್ಸ್ ಕಾರ್ಡ್ ಬೇಕು" ಅಂದರು. ನನ್ನ ಕೈಕಾಲು ತಣ್ಣಗಾಯಿತು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಆ ಪ್ಯಾಕೇಜಿಗೆ ಮಾನ್ಯತೆ ಕೊಟ್ಟಿದ್ದು ಅಮೆರಿಕದ ಒಂದು ಖಾಸಗಿ ಸಂಸ್ಥೆ. ಅಲ್ಲಿ ಹತ್ತನೇ ತರಗತಿಗೆ ನಮ್ಮ ಎಸ್‌ಎಸ್‌ಎಲ್‌ಸಿ ತರಹದ ಬೋರ್ಡ್ ಪರೀಕ್ಷೆಯೇ ಇಲ್ಲ. ಹಾಗಿದ್ದ ಮೇಲೆ ಆ ಕಾಗದ ಇಲ್ಲಿ ಹತ್ತನೇ ತರಗತಿಯ ಜಾಗದಲ್ಲಿ ಹೇಗೆ ನಿಲ್ಲುತ್ತದೆ? ಕೌನ್ಸೆಲರ್‌ಗೆ ಫೋನ್ ಮಾಡಿದರೆ, "ಪೆಟ್ಟಿಗೆ ಒಡೆದಿದ್ದೀರಿ, ದುಡ್ಡು ವಾಪಸ್ ಬರಲ್ಲ" ಅಂದರು. ನಾನು ಕೇಳಿದ್ದು ಅಂಕಪಟ್ಟಿಯ ಬಗ್ಗೆ.

ಅಂದಿನಿಂದ ಹಿಂದುಮುಂದು ಮಾಡಿ ಯೋಚಿಸಿದೆವು. ಮಗು ಕೊನೆಗೆ ಯಾವ ಪರೀಕ್ಷೆ ಬರೆಯುತ್ತದೆ ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಂಡು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದೆವು. ನಮಗೆ ಸರಿಹೋದದ್ದು ಎನ್‌ಐಓಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. ಕೇಂದ್ರ ಶಿಕ್ಷಣ ಸಚಿವಾಲಯದ ಕೆಳಗೆ 1989ರಿಂದ ಇದೆ. ಹತ್ತನೇ ತರಗತಿಗೆ 14 ವರ್ಷ ತುಂಬಿರಬೇಕು. ಐದು ವಿಷಯ ಇರಬೇಕು, ಅದರಲ್ಲಿ ಒಂದಾದರೂ ಭಾಷೆ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಪಾಸಾಗಲು ಐದು ವರ್ಷದಲ್ಲಿ ಒಂಬತ್ತು ಅವಕಾಶ. ಒಂದೊಂದೇ ವಿಷಯ ಬರೆದು ಮುಗಿಸಬಹುದು. ಮಗಳು ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಚಿತ್ರಕಲೆ ತಗೊಂಡಳು. ಮುಂದೆ ಪಿಯು ಸೈನ್ಸ್ ಅಂತ ಮನಸ್ಸಿದ್ದರೆ ಗಣಿತ, ವಿಜ್ಞಾನ ಬಿಡಬೇಡಿ. ವಿಷಯ ಆರಿಸುವ ಮೊದಲೇ ಸೇರಬೇಕಾದ ಕಾಲೇಜಿಗೆ ಹೋಗಿ ಕೇಳಿ.

ಇಲ್ಲೂ ಮಧ್ಯವರ್ತಿಗಳಿದ್ದಾರೆ, ಎಚ್ಚರ. ಒಬ್ಬರು ಎನ್‌ಐಓಎಸ್‌ಗೆ ಸೇರಿಸಿಕೊಡಲು 45,000 ಕೇಳಿದರು. ಎನ್‌ಐಓಎಸ್‌ನ ವೆಬ್‌ಸೈಟಿನಲ್ಲಿ ನಾವೇ ಅರ್ಜಿ ಹಾಕಿದೆವು, ಕೆಲವೇ ಸಾವಿರದಲ್ಲಿ ಮುಗಿಯಿತು. ಎನ್‌ಸಿಇಆರ್‌ಟಿ ಪುಸ್ತಕಗಳೂ ನಮ್ಮ ಕರ್ನಾಟಕದ ಪಠ್ಯಪುಸ್ತಕಗಳೂ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ. ನಾವು ಮನೆಯಲ್ಲಿ ಓದಿಸಿದ್ದು ಜಾಸ್ತಿ ಅದರಿಂದಲೇ.

ಟಿಸಿ ವಿಷಯ ಮರೆಯಬೇಡಿ. ನಾವು ಸಿಟ್ಟಿನಲ್ಲಿ ಸುಮ್ನೆ ಶಾಲೆ ಬಿಡಿಸಿದ್ದೆವು, ಟಿಸಿ ತಗೊಂಡಿರಲಿಲ್ಲ. ಎರಡು ವರ್ಷದ ಮೇಲೆ ಕೇಳಿದಾಗ ಹಳೇ ಬಾಕಿ ಅಂತ ಒಂದು ತಿಂಗಳು ಅಲೆದಾಡಿಸಿದರು. ಬಿಡಿಸುವ ದಿನವೇ ಟಿಸಿ ತಗೊಳ್ಳಿ, ಹಳೇ ಅಂಕಪಟ್ಟಿ, ಜನನ ಪ್ರಮಾಣಪತ್ರ ಜೋಪಾನವಾಗಿಡಿ.

ಮಗನನ್ನು 2023ರ ಜೂನ್‌ನಲ್ಲಿ ನಮ್ಮ ಬೀದಿಯ ಸರ್ಕಾರಿ ಶಾಲೆಗೆ ಸೇರಿಸಿದೆವು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲೆ ಬಿಟ್ಟಿದ್ದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು. ಮೂರನೇ ತರಗತಿ ಸಿಕ್ಕಿತು. ಅಲ್ಲಿ ನಲಿ-ಕಲಿ ಇತ್ತು. 1995ರಲ್ಲಿ ನಮ್ಮ ಜಿಲ್ಲೆಯ ಎಚ್.ಡಿ. ಕೋಟೆಯಲ್ಲೇ ಶುರುವಾದ ಪದ್ಧತಿ ಅದು. ಕಾರ್ಡು ಹಿಡಿದು, ಗುಂಪಿನಲ್ಲಿ ಕೂತು, ಪ್ರತಿ ಮಗು ತನ್ನ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಲಿಯುವುದು. ಕೌನ್ಸೆಲರ್ ನಮಗೆ ಲಕ್ಷ ರೂಪಾಯಿಗೆ ವರ್ಣಿಸಿದ್ದರಲ್ಲಿ ಅರ್ಧ ಅಲ್ಲೇ ಕಣ್ಣೆದುರು ನಡೆಯುತ್ತಿತ್ತು. ಮೊದಲು ಹೋಗಿ ನೋಡಲಿಲ್ಲವಲ್ಲ ಅಂತ ಅತ್ತಿದ್ದೇನೆ.

ಕಳೆದ ವಾರ ಮಂಡ್ಯದಿಂದ ಒಬ್ಬ ತಾಯಿ ಫೋನ್ ಮಾಡಿದ್ದರು. ಬೇರೆ ಪ್ಯಾಕೇಜ್, ಮಾತು ಮಾತ್ರ ಅದೇ: ಅಂತರರಾಷ್ಟ್ರೀಯ ಮಾನ್ಯತೆ, ಶುಕ್ರವಾರದೊಳಗೆ ಕಟ್ಟಿದರೆ ರಿಯಾಯಿತಿ. ನಾನು ಎರಡೇ ಕೆಲಸ ಹೇಳಿದೆ. ಒಂದು ತಿಂಗಳ ಪುಸ್ತಕ ಮೊದಲು ಕೊಡಿ, ಮಗು ಜೊತೆ ಕೂತು ನೋಡಿ ಆಮೇಲೆ ಕಟ್ಟುತ್ತೇವೆ ಅನ್ನಿ. ಈ ಅಂಕಪಟ್ಟಿ ಹಿಡಿದು ಕರ್ನಾಟಕದ ಯಾವ ಪಿಯು ಕಾಲೇಜಿಗೆ ಯಾವ ವರ್ಷ ಮಗು ಸೇರಿದೆ ಅಂತ ಲೆಟರ್‌ಹೆಡ್‌ನಲ್ಲಿ ಬರೆದು ಸಹಿ ಮಾಡಿಕೊಡಿ ಅಂತಲೂ ಕೇಳಿ. ಅವರು ಹಾಗೇ ಕೇಳಿದ್ದಾರೆ. ಶುಕ್ರವಾರ ಕಳೆದು ನಾಲ್ಕು ದಿನವಾಯಿತು, ಆ ಕಡೆಯಿಂದ ಇನ್ನೂ ಫೋನ್ ಬಂದಿಲ್ಲವಂತೆ.